ತಗ್ಗು ತೆಗೆದವನು

ಬೇಸಿಗೆ ಇನ್ನೂ ಕಾಲು ಚಾಚಿಕೊಂಡು ಕೂತಿದ್ದ ದಿನಗಳು, ಬೆಳಗಿನ ಏಳು ಗಂಟೆ. ಗೋದಾಮಿನ ಮುಂದಿನ ಬಯಲಿನಲ್ಲಿ ಮೂಟೆ ಹೊರುವ ಆರು ಮಂದಿ ತುತ್ತೂರಿ ಹಿಡಿದು ನಿಂತಿದ್ದರು. ಕಲಿಸುತ್ತಿದ್ದವಳು ವಾದ್ಯ ರಿಪೇರಿಯ ಮುದುಕನ ತಂಗಿಯ ಮಗಳು. ಸಂಜೆ ಬ್ಯಾಂಡಿನಲ್ಲಿ ಊದುತ್ತಿದ್ದಳು, ಬೆಳಿಗ್ಗೆ ಪಾಠ ಹೇಳುತ್ತಿದ್ದಳು. ನಡುವೆ ಹಮಾಲರ ಮನೆ ಮನೆಗೆ ಹೋಗಿ, ಗೋದಾಮಿನಲ್ಲಿ ಯಾರಿಗೆ ಏಟು ಬಿತ್ತು, ಯಾರ ಕೈ ಮುರಿಯಿತು ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ಅದು ಕಾಲೇಜಿಗೆ ಒಪ್ಪಿಸಬೇಕಾದ ಸಂಶೋಧನೆಯಂತೆ.

"ಊದೋಳಿಗೆ ಬಾಯಿ ಸಾಕು. ನಿನಗೆ ಕಿವೀನೂ ಉದ್ದ," ಎಂದು ಮುದುಕ ರೇಗಿಸುತ್ತಿದ್ದ.

"ನಿನಗೆ ಅದೂ ಇಲ್ವಲ್ಲ ಮಾವ, ಬಡಿದು ಬಡಿದು ಹೋಯ್ತು!"

ಆ ಬೆಳಿಗ್ಗೆ ಕಾವಲುಗಾರರ ಮುಖಂಡ ನಾಲ್ವರನ್ನು ಕಟ್ಟಿಕೊಂಡು ಬಂದ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಅವಳು ಬರೆದುಕೊಳ್ಳುವ ಸುದ್ದಿ ಗೋದಾಮಿನವರ ಕಿವಿಗೆ ಬಿದ್ದಿತ್ತು. ಅವನ ದೊಣ್ಣೆಯ ತುದಿಯಲ್ಲಿ ಕಬ್ಬಿಣದ ಬಳೆ; ಬಳೆ ಒಂದು ಕಡೆ ಸೀಳಿ ಕೊಕ್ಕಿನಂತೆ ಎದ್ದಿತ್ತು. ಮೊದಲ ಏಟು ಅವಳ ತುತ್ತೂರಿಗೆ. ತುತ್ತೂರಿ ಹಿಂದಕ್ಕೆ ನುಗ್ಗಿ ತುಟಿ ಹರಿಯಿತು, ಎರಡು ಹಲ್ಲು ಮಣ್ಣಿಗೆ ಬಿದ್ದವು. ಎರಡನೆಯದು ಅಡ್ಡ ಬಂದ ಹಮಾಲನ ನೆತ್ತಿಗೆ. ಅವನು ಮತ್ತೆ ಏಳಲಿಲ್ಲ.

ಮೆಟ್ಟಿಲಿಂದ ಜಾರಿ ಸತ್ತ ಎಂದು ಗೋದಾಮಿನವರು ಬರೆಸಿದರು.

ಅವಳು ಆಸ್ಪತ್ರೆಯಲ್ಲಿದ್ದಾಗ ಯಾರೋ ತುತ್ತೂರಿಯನ್ನು ಮುದುಕನ ಅಂಗಡಿಗೆ ತಂದಿಟ್ಟರು. ಹಿತ್ತಾಳೆಯಲ್ಲಿ ಆಳವಾದ ತಗ್ಗು, ಅದರ ಅಂಚಿಗೆ ಅವಳ ರಕ್ತ. ಮುದುಕನಿಗೆ ನೋಡಲಾಗಲಿಲ್ಲ. ಕೂಸು ಎದ್ದು ಬರುವಷ್ಟರಲ್ಲಿ ಸರಿಯಾಗಿರಲಿ ಎಂದು ಕಬ್ಬಿಣದ ಸರಳಿಗೆ ಸಿಕ್ಕಿಸಿ, ಮರದ ಸುತ್ತಿಗೆಯಿಂದ ಅರ್ಧ ದಿನ ತಟ್ಟಿದ. ಉಜ್ಜಿ ಉಜ್ಜಿ ಕನ್ನಡಿ ಮಾಡಿದ.

ಮಂಗಳವಾರ ಅವಳು ಬಂದಳು, ತುಟಿಗೆ ಏಳು ಹೊಲಿಗೆ.

"ತಗ್ಗೆಲ್ಲಿ ಮಾವ?"

"ತೆಗ್ದೆ ತಾಯಿ. ಹೊಸದ್ರ ಹಾಗಿದೆ ನೋಡು."

ಅವಳು ಕುಸಿದು ಕೂತಳು. ಚೀಲದಿಂದ ಒಂದು ಫೋಟೋ ತೆಗೆದಳು. ಸತ್ತವನ ತಲೆ, ಡಾಕ್ಟರು ತೆಗೆದದ್ದು. ಗಾಯದ ತುದಿಯಲ್ಲಿ ಸಣ್ಣ ಕೊಕ್ಕು.

"ಇದೇ ಗುರುತು ತುತ್ತೂರಿ ಮೇಲೂ ಇತ್ತು. ಶುಕ್ರವಾರ ವಿಚಾರಣೆ. ನಮ್ಮ ಬಾಯಿಮಾತನ್ನ ಯಾರೂ ನಂಬಲ್ಲ. ಇದ್ದ ಒಂದೇ ಸಾಕ್ಷೀನ ನೀನು ಪಾಲಿಶ್ ಮಾಡಿಟ್ಟಿದ್ದೀಯ." ಫೋಟೋ ಚೀಲಕ್ಕೆ ಸೇರಿಸಿ ಕೇಳಿದಳು. "ಹಿಂದೆ ಇದೇ ಗೋದಾಮಿನ ಗೇಟಲ್ಲಿ ಬ್ಯಾಂಡಿನೋರಿಗೆ ಬಡಿದಾಗಲೂ ಹನ್ನೊಂದು ವಾದ್ಯ ನೆಟ್ಟಗೆ ಮಾಡಿಕೊಟ್ಟಿದ್ದು ನೀನೇ ಅಂತೆ. ಹೌದಾ?"

ಹೌದು. ನಲವತ್ತು ವರ್ಷದ ಹಿಂದೆ. ಮುದುಕ ತುತ್ತೂರಿ ಎತ್ತಿಕೊಂಡು ತಗ್ಗಿದ್ದ ಜಾಗವನ್ನು ಬೆರಳಿಂದ ಸವರಿದ.

ಬುಧವಾರ ಬೆಳಿಗ್ಗೆ ಅವನೊಬ್ಬನೇ ತುತ್ತೂರಿ ಹಿಡಿದು ಗೇಟಿನ ಮುಂದೆ ನಿಂತು ಊದಿದ. ಕರು ಅರಚಿದಂತಾಯಿತು. ಕಾವಲುಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಜ್ಜ, ಬಾಯಲ್ಲಿ ಊದ್ತಿದ್ದೀಯೋ, ಇಲ್ಲಾ ಬೇರೆ ಕಡೆಯಿಂದಲೋ?"

"ಸತ್ತೋನ ಪಾಠ ಅರ್ಧಕ್ಕೆ ನಿಂತಿತ್ತು ಕಣಪ್ಪಾ. ಮುಗಿಸ್ತಿದ್ದೀನಿ. ಕೊಂದೋನು ಬಂದು ಕೇಳ್ಲಿ."

ಮೀಸೆ ಬಂದ. ಕೈಯಲ್ಲಿ ಅದೇ ದೊಣ್ಣೆ. ಅದನ್ನು ಯಾರೂ ಕೇಳಿರಲಿಲ್ಲ, ಅವನೂ ಬಚ್ಚಿಟ್ಟಿರಲಿಲ್ಲ. ದೊಣ್ಣೆ ಎತ್ತಿದೊಡನೆ ಮುದುಕ ತುತ್ತೂರಿಯನ್ನು ಎದೆಗೆ ಅಡ್ಡ ಹಿಡಿದ. ಏಟು ಹಿತ್ತಾಳೆಗೆ ಬಿತ್ತು. ಎರಡನೆಯದಕ್ಕೆ ಸುತ್ತಿಗೆ ಹಿಡಿಯುವ ಕೈ ಒಣಕಡ್ಡಿಯಂತೆ ಮುರಿಯಿತು. ಮೂರನೆಯದು ಪಕ್ಕೆಗೆ. ನೆಲಕ್ಕುರುಳಿದವನು ತುತ್ತೂರಿಯನ್ನು ಹೊಟ್ಟೆಗವಚಿಕೊಂಡು ಒದೆ ತಿಂದ. ರಕ್ತ ಕಾರಿದ, ತುತ್ತೂರಿ ಬಿಡಲಿಲ್ಲ.

ಈ ಸಲ ಹಮಾಲರು ನೋಡುತ್ತ ನಿಲ್ಲಲಿಲ್ಲ. ಮೂಟೆಗಳನ್ನು ಎಸೆದು ಇಪ್ಪತ್ತು ಮಂದಿ ನುಗ್ಗಿದರು. ಮೀಸೆಯನ್ನು ಮಣ್ಣಿಗೆ ಕೆಡವಿ, ಬೆರಳು ಮುರಿದು ದೊಣ್ಣೆ ಕಿತ್ತುಕೊಂಡರು.

ಶುಕ್ರವಾರ ವಿಚಾರಣೆಯ ಮೇಜಿನ ಮೇಲೆ ಫೋಟೋ, ದೊಣ್ಣೆ, ತುತ್ತೂರಿ ಮೂರೂ ಇದ್ದವು.

"ಇದು ಹಳೇ ತಗ್ಗಲ್ಲ ಸ್ವಾಮಿ, ಮೊನ್ನೆ ಬುಧವಾರದ್ದು," ಎಂದ ಮುದುಕ. "ಹಳೇದನ್ನ ನಾನೇ ತೆಗೆದುಬಿಟ್ಟೆ, ತಪ್ಪು ನಂದು. ಆದ್ರೆ ದೊಣ್ಣೆ ಅದೇ. ಅಳತೆ ಹಿಡಿದು ನೋಡಿ."

ಅಧಿಕಾರಿ ಅಳೆದು ನೋಡಿದ. ಕೊಕ್ಕಿಗೆ ಕೊಕ್ಕು ಕೂತಿತು. ಗುರುತಿನ ಅಚ್ಚು ತೆಗೆದುಕೊಂಡು ತುತ್ತೂರಿ ವಾಪಸ್ ಕೊಟ್ಟ. ಅಲ್ಲಿಂದಲೇ ಮೀಸೆಯನ್ನು ಕೋಳ ಹಾಕಿ ಕರೆದೊಯ್ದರು.

ಅವಳು ಪಕ್ಕದ ಊರಿನ ಗೋದಾಮಿನ ಹಮಾಲರ ಕಥೆ ಬರೆಯಲು ಹೊರಟಾಗ ಮುದುಕ ಪ್ಲಾಸ್ಟರ್ ಕೈ ಎತ್ತಿದ.

"ತಗ್ಗು ತೆಗೆದುಕೊಡ್ಲೇನೇ? ಊದೋಕೆ ಕಷ್ಟ ಆಗುತ್ತೆ."

"ಮುಟ್ಟಿ ನೋಡು, ಇನ್ನೊಂದು ಕೈನೂ ಮುರೀತೀನಿ."

ನಗಲು ಹೋಗಿ ಹೊಲಿಗೆ ಎಳೆದು ಅವಳ ಕಣ್ಣಲ್ಲಿ ನೀರು ಬಂತು. ತುತ್ತೂರಿಯನ್ನು ತಗ್ಗಿನ ಸಮೇತ ಹೆಗಲಿಗೆ ಹಾಕಿಕೊಂಡು, ಭಾನುವಾರ, ಮೊದಲ ಬಸ್ಸಿಗೆ ಹೋದಳು.