ಕೆರೆಯೊಳಗಿನ ಗೋಪುರ

ಗೋಪುರ ಕೆರೆಯ ನಡುಮಧ್ಯೆ ನಿಂತಿತ್ತು. ಅವಳ ಕಂಪ್ಯೂಟರ್ ಪರದೆಯ ನಕ್ಷೆಯಲ್ಲಿ ಒಂದು ಕೆಂಪು ಗುರುತು, ಸುತ್ತಲೂ ನೀಲಿ ನೀರು. ಅಜ್ಜಿಯ ಕಥೆಗಳಲ್ಲಿ ನೀರೊಳಗೆ ಅರಮನೆಗಳೇ ಇರುತ್ತಿದ್ದವು. ಅವನ್ನು ನಂಬಲು ಅವಳಿಗೆಂದೂ ಕಷ್ಟವಾಗಿರಲಿಲ್ಲ. ರೇಡಿಯೋ ಗೋಪುರವನ್ನು ಮಾತ್ರ ನಂಬುವಂತಿರಲಿಲ್ಲ.

ನಕ್ಷೆ ಸಂಜೆಯೊಳಗೆ ಹೋಗಬೇಕಿತ್ತು. ಆಂಬ್ಯುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮೂವರೂ ಕೆಲವೇ ಚಾನೆಲ್‌ಗಳನ್ನು ಹಂಚಿಕೊಂಡು ಮಾತಾಡುವ ಟ್ರಂಕಿಂಗ್ ರೇಡಿಯೋ ನಾಳೆಯಿಂದ ಶುರು. ಯಾವ ಗಾಡಿ ಎಲ್ಲಿದ್ದಾಗ ಯಾವ ಗೋಪುರ ಹಿಡಿಯಬೇಕೆಂಬುದನ್ನು ಈ ನಕ್ಷೆ ನೋಡಿಯೇ ಸೆಟ್‌ಗಳಿಗೆ ತುಂಬುತ್ತಾರೆ. ಅವಳ ಅಣ್ಣ ಓಡಿಸುವ ಆಂಬ್ಯುಲೆನ್ಸಿನ ಸೆಟ್‌ಗೂ.

“ಇರ್ಲಿ ಬಿಡೇ, ಮೀನುಗಳೂ ಮಾತಾಡ್ಕೊಳ್ಲಿ,” ಎಂದಳು ಪಕ್ಕದ ಮೇಜಿನ ಗೆಳತಿ.

ಅವಳು ಅರೆಮನಸ್ಸಿನಿಂದ ನಕ್ಕು ಹಳೆಯ ರಿಜಿಸ್ಟರ್ ತೆಗೆದಳು. ನಲವತ್ತರಲ್ಲಿ ಏಳು ಗೋಪುರಗಳ ಅಕ್ಷಾಂಶ-ರೇಖಾಂಶ ಮಾತ್ರ ನಿವೃತ್ತ ಸರ್ವೇಯರ್ ತಾತನ ದುಂಡು ಅಕ್ಷರದಲ್ಲಿತ್ತು. ಇದ್ದುದನ್ನು ಇದ್ದ ಹಾಗೇ ಟೈಪ್ ಮಾಡಿದ್ದವಳು ಅವಳೇ. ಚುಕ್ಕಿಯ ಬಲಕ್ಕಿದ್ದ ಅಂಕಿಗಳ ಮೇಲೆ ಬೆರಳಾಡಿಸಿದಳು: 50, 35, 08, 42... ಒಂದೂ ಅರವತ್ತು ಮುಟ್ಟಿರಲಿಲ್ಲ. ತಾತನಿಗೆ ಫೋನ್ ಮಾಡಿದಳು.

“ಅದು ಡಿಗ್ರಿ, ಚುಕ್ಕಿ, ಆಮೇಲೆ ನಿಮಿಷ ಕಣಮ್ಮಾ. ಗಡಿಯಾರ ನೋಡಕ್ಕೆ ಬರುತ್ತೆ ತಾನೆ? ಐವತ್ತು ನಿಮಿಷ ಅಂದ್ರೆ ಅರ್ಧ ಗಂಟೆನಾ?”

“ನಾನು ಅರ್ಧ ಅಂತಲೇ ಹಾಕಿಬಿಟ್ಟಿದೀನಿ ತಾತ.”

ಆ ಕಡೆ ಲೋಟ ಕೆಳಗಿಟ್ಟ ಸದ್ದು. “ಹಾಗಾದ್ರೆ ಏಳನ್ನೂ ಎತ್ತಿ ಅದರದರ ಜಾಗಕ್ಕಿಡು.”

ಉಳಿದ ಆರು ಒಣ ನೆಲದ ಮೇಲೆ ಬಿದ್ದಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಾಹೇಬರ ಮೇಜಿನ ಮೇಲೆ ಎರಡು ಕಾಗದಗಳು ಸಹಿಗೆ ಕಾದಿದ್ದವು: ಒಂದು ನಕ್ಷೆಯದು, ಇನ್ನೊಂದು ಅವಳ ಕೆಲಸ ಕಾಯಂ ಮಾಡುವ ಆದೇಶ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವಳು ಒಂದೇ ಅಂಕಿ ತಪ್ಪಿ ಮನೆಗೆ ಹೋಗಿದ್ದಳು.

“ಸಾರ್, ಏಳು ಗೋಪುರ ತಪ್ಪು ಜಾಗದಲ್ಲಿವೆ. ತಪ್ಪು ನನ್ನದೇ.”

“ಕೆರೇಲಿರೋದನ್ನ ದಡಕ್ಕೆ ಹಾಕಿ, ಸಾಕು. ಮಿಕ್ಕಿದ್ದು ಯಾರಿಗಮ್ಮ ಗೊತ್ತಾಗುತ್ತೆ?”

“ಅದು ಇರಬೇಕಾದ್ದು ಕಲ್ಲುಗಣಿ ಮೇಲೆ. ಅಲ್ಲಿನ ತಿರುವಲ್ಲಿ ಸೆಟ್ ಹಿಡ್ಕೊಂಡು ಕೂಗ್ತಿರೋನಿಗೆ ಗೊತ್ತಾಗುತ್ತೆ ಸಾರ್.”

ಸಾಹೇಬರು ಅವಳನ್ನೇ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು. ಎರಡೂ ಕಾಗದಗಳನ್ನು ಎತ್ತಿ ಡ್ರಾಯರಿಗೆ ಸೇರಿಸಿದರು. “ಐದು ಗಂಟೆಯೊಳಗೆ. ಏಳೂ.” ಇನ್ನೊಂದು ಕಾಗದದ ಮಾತು ಅವರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಮರಳಿ ಬಂದಾಗ ಗೆಳತಿ ಕುರ್ಚಿ ಎಳೆದುಕೊಂಡು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಹೇಳ್ತೀನಿ, ಹಾಕ್ಕೋ. ಐವತ್ತು ನಿಮಿಷ.”

ಅವಳು ಐವತ್ತನ್ನು ಅರವತ್ತರಿಂದ ಭಾಗಿಸಿ ಟೈಪ್ ಮಾಡಿದಳು. ಕೆಂಪು ಗುರುತು ನೀರಿನಿಂದೆದ್ದು ಕಲ್ಲುಗಣಿಯ ನೆತ್ತಿಯ ಮೇಲೆ ಹೋಗಿ ನಿಂತಿತು. ಕೆರೆಯಲ್ಲಿ ಬರೀ ನೀಲಿ ಉಳಿಯಿತು.