ಹೂ ಬಿಟ್ಟ ಪೊರಕೆ

ಎಡಗಾಲು, ಬಲಗಾಲು, ಹೆಬ್ಬೆರಳು ಮತ್ತೆ ಗೇರು ಒತ್ತುತ್ತದೆ, ಕ್ಲಿಕ್, ಏನೂ ಇಲ್ಲ, ಖಾಲಿ ಡಬ್ಬಿಯ ತಳ ಕೆರೆದಂತೆ, ಇದಕ್ಕಿಂತ ಹಗುರವಾದ ಗೇರು ಈ ಸೈಕಲ್ಲಿನಲ್ಲಿ ಇಲ್ಲವೆಂದು ಹೆಬ್ಬೆರಳಿಗೆ ಗೊತ್ತು, ಆದರೂ ಒತ್ತುತ್ತದೆ, ಟಾರಿನ ಮೇಲೆ ಒಂದು ಇರುವೆ ನನ್ನ ಚಕ್ರದ ಮುಂದೆ ಅಡ್ಡ ಹೊರಟು ಆಚೆ ಬದಿ ಸೇರಿಯೇಬಿಟ್ಟಿತು, ಭೇಷ್, ನೀನು ಗೆದ್ದೆ, ನಾನಿನ್ನೂ ಇಲ್ಲೇ — ಹ್ಯಾಂಡಲ್ ತುದಿಯ ಪುಟ್ಟ ಕನ್ನಡಿಯಲ್ಲಿ ಬಿಳಿ ವ್ಯಾನು, ವ್ಯಾನಿನ ನೆತ್ತಿಯ ಮೇಲೆ ತಲೆಕೆಳಗಾಗಿ ಕಟ್ಟಿದ ಪೊರಕೆ, ಪೊರಕೆಯಲ್ಲಿ ಹಳದಿ ಹೂವು. ಪೊರಕೆಯಲ್ಲಿ ಹೂವು ಯಾರಾದರೂ ಇಡುತ್ತಾರೆಯೇ. ಅಲ್ಬಾಂ ಇಡುತ್ತಾನೆ, ನನ್ನ ಗಂಡ, ಬದುಕಿಡೀ ಪೊರಕೆ ಹಿಡಿಯದ ಮಹಾರಾಯ, ನಿನ್ನೆ ಸಂಜೆ ಬೇಲಿಯಾಚೆ ಹೋಗಿ ಪೊರಕೆಕಡ್ಡಿಯ ಜೆನೆ ಪೊದೆಯನ್ನು ಹೂವಿನ ಸಮೇತ ಕತ್ತರಿಸಿ ತಂದ, ಹೂವು ಎಲೆ ಸವರಿ ಕಡ್ಡಿ ಮಾತ್ರ ಕಟ್ಟಬೇಕು ಅಂದೆ, ನಾನು ಕಟ್ಟೋದು ಹೀಗೇ ಅಂದ, ಬೆಳಿಗ್ಗೆ ಕ್ಲಬ್ಬಿನವರೆಲ್ಲ ನಕ್ಕರು, ಏನಯ್ಯ ಅಲ್ಬಾಂ, ಮದುವೆ ಗಾಡಿಯೇನಯ್ಯ ಇದು, ಮದುಮಗಳೆಲ್ಲಿ? ಮದುಮಗಳು ಇನ್ನೂ ತುಳಿಯುತ್ತಿದ್ದಾಳೆ, ನೋಡಿ. ಸ್ವರ್ಗಾರೋಹಣದ ಗುರುವಾರ, ಪ್ರತಿವರ್ಷ ಈ ದಿನ ನಮ್ಮ ಸೈಕಲ್ ಕ್ಲಬ್ಬು ಹೊಳೆದಂಡೆಯಿಂದ ಹೊರಟು ಊರೂರು ದಾಟಿ ಕೊನೆಗೆ ರೋಕ್‌ಬೆಲ್ ಗುಡ್ಡ ಹತ್ತುತ್ತದೆ, ಪ್ರತಿವರ್ಷ ನನ್ನ ಮೈದುನ ಫಿರ್ಮಾಂ ವ್ಯಾನಿನ ಬಾಗಿಲಿಗೆ ಒರಗಿ ಅದೇ ಜೋಕು ಹೇಳುತ್ತಾನೆ, ಇವತ್ತು ತುಳಿಯದೆ ಮೇಲೆ ಹೋದವನು ಏಸುಸ್ವಾಮಿ ಒಬ್ಬನೇ, ಉಳಿದವರಿಗೆಲ್ಲ ನನ್ನ ಗಾಡಿ — ಉದುರಿದವರನ್ನು ಗುಡಿಸಿ ತುಂಬಿಕೊಳ್ಳುವ ಪೊರಕೆ ಗಾಡಿ. ಹೋದ ವರ್ಷ ಗಾಡಿ ಹತ್ತಿದವನು ಈ ವರ್ಷದ ಪೊರಕೆ ಕಟ್ಟಬೇಕು, ಕಟ್ಟಿ ಡ್ರೈವರ್ ಪಕ್ಕದಲ್ಲಿ ಕೂತು ಬರಬೇಕು, ಇದು ನಮ್ಮಲ್ಲಿಯ ಕಟ್ಟಳೆ, ಯಾರು ಮಾಡಿದರೋ, ಯಾವ ಗಂಡಸು ಎಷ್ಟನೇ ಗ್ಲಾಸು ವೈನಿನ ಮೇಲೆ ಮಾಡಿದನೋ. ಅದಕ್ಕೇ ಅಲ್ಬಾಂ ಅಲ್ಲಿದ್ದಾನೆ, ಗಾಜಿನ ಹಿಂದೆ, ಫಿರ್ಮಾಂ ಪಕ್ಕದಲ್ಲಿ, ನನ್ನ ಬೆನ್ನು ನೋಡುತ್ತ. ನೋಡು, ನೋಡು, ಮೂವತ್ತು ವರ್ಷ ನಾನು ನಿನ್ನ ಬೆನ್ನು ನೋಡಿದೆ.

ಬೆಳಿಗ್ಗೆ ಕಾಫಿಯ ಬೋಗುಣಿಯಲ್ಲಿ ಬ್ರೆಡ್ಡು ಅದ್ದುತ್ತ ತಲೆಯೆತ್ತದೆ ಹೇಳಿದ, ಇವತ್ತು ನೀನು ಗಾಡಿ ಹತ್ತಿದೆ ಅಂದ್ರೆ ನಿನ್ನ ಸೈಕಲ್ಲೂ ನನ್ನದರ ಪಕ್ಕ, ಕೊಟ್ಟಿಗೆಯ ಕೊಕ್ಕೆಗೆ, ಆಯ್ತಾ ಸೋಲಾಂಜ್? ಆಯ್ತು ಅಂದುಬಿಟ್ಟೆ, ಬೆಣ್ಣೆ ಸವರುತ್ತ, ಸಕ್ಕರೆ ಕೊಡು ಅಂದವರಿಗೆ ತಗೋ ಅಂದಂತೆ. ಕೊಕ್ಕೆ ಖಾಲಿ ಇದೆ, ಅವನೇ ಹೊಡೆದದ್ದು, ಚಳಿಗಾಲದಲ್ಲಿ, ನಾನು ಕೇಳಿದ್ದಕ್ಕೆ ಬೆಳ್ಳುಳ್ಳಿ ಗೊಂಚಲಿಗೆ ಅಂದ, ಬೆಳ್ಳುಳ್ಳಿ ಇವತ್ತಿಗೂ ಅಡುಗೆಮನೆಯಲ್ಲೇ ಇದೆ. ಅವನ ಸೈಕಲ್ಲಿನ ಸೀಟಿನ ಮೇಲೆ ಧೂಳು, ಹೆಲ್ಮೆಟ್ಟಿನಲ್ಲಿ ಕೆಂಪು ಕೋಳಿ ಕಾವಿಗೆ ಕೂತು ಎದ್ದೂ ಆಯಿತು — ಎಡಗಾಲು, ಬಲಗಾಲು, ತಿರುವು, ತಿರುವಿನ ಒಳಬದಿ ಬೇಡ, ಅಲ್ಲಿ ಏರು ಕಡಿದು, ಹೊರಗೆ ಹಿಡಿ, ಹೊರಗೆ, ಇದನ್ನು ಹೇಳಿಕೊಟ್ಟವನೂ ಅವನೇ. ಇದೇ ತಿರುವಿನಲ್ಲಿ, ಹೋದ ವರ್ಷ, ಮಳೆ ಹನಿ, ಅವನ ಮೊಣಕಾಲು ಹಿಡಿದುಕೊಂಡಿತು, ನಾನು ಹಿಂದಿದ್ದೆ, ಹತ್ತಿರ ಬರುವಷ್ಟರಲ್ಲಿ ಫಿರ್ಮಾಂ ನನ್ನನ್ನು ಹಿಂದೆ ಹಾಕಿ ಬಾಗಿಲು ತೆಗೆದಿದ್ದ, ಅಲ್ಬಾಂ ಹತ್ತಿದ, ಅಷ್ಟೇ, ಬಸ್ಸು ಹತ್ತಿದಂತೆ, ಹೆಲ್ಮೆಟ್ಟನ್ನು ಕೂಡ ತೆಗೆಯದೆ ಕೂತು ನೆಟ್ಟಗೆ ಮುಂದೆ ನೋಡಿದ, ಪಕ್ಕದಲ್ಲಿ ನಿಂತ ನನ್ನನ್ನು ಬಿಟ್ಟು ಹೋಗುವಾಗಲೂ ಮುಂದೆಯೇ ನೋಡಿದ. ಮೇಲೆ ಗುಡ್ಡದ ತುದಿಯ ಕೋಟೆಬಾಗಿಲಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಕೈಗೆ ವೈನು ಕೊಟ್ಟರು, ಅವನೂ ನಕ್ಕ. ಮುಂದಿನ ಭಾನುವಾರ ಗಾಳಿ ಜಾಸ್ತಿ ಅಂದ, ಅದರ ಮುಂದಿನ ಭಾನುವಾರ ಟೈರು ಸರಿಯಿಲ್ಲ ಅಂದ, ಆಮೇಲೆ ಏನೂ ಅನ್ನಲಿಲ್ಲ. ಟೀವಿಯ ಮುಂದೆ ಕೂತು ಬೇರೆಯವರು ತುಳಿಯುವುದನ್ನು ನೋಡಿದ, ಇವನಿಗೆ ಗೇರು ಹಾಕೋದು ಗೊತ್ತಿಲ್ಲ ಕಣೇ, ಬಾ ನೋಡು, ಬಾರೇ, ನಿಂಗೇನು ಕೆಲಸ ಅಲ್ಲಿ. ಮೊಣಕಾಲು ಎಂದೋ ವಾಸಿಯಾಯಿತು. ಡಾಕ್ಟರಮ್ಮ ಗಿಳಿಗೆ ಹೇಳಿದಂತೆ ಹೇಳಿದಳು, ತುಳೀರಿ, ತುಳಿದಷ್ಟೂ ಒಳ್ಳೇದು. ಗಾಡಿ ಹತ್ತಿದ ಮೊಣಕಾಲು ಮಾತ್ರ ಇನ್ನೂ ಗಾಡಿಯಲ್ಲೇ ಇದೆ.

ಹಿಂದಿನಿಂದ ಝುಂಯ್ ಸದ್ದು, ಬ್ಯಾಟರಿ ಸೈಕಲ್ಲು, ಒಂದಲ್ಲ, ಒಂದು ಸಂಸಾರವೇ, ಹಾಲೆಂಡಿನವರು, ಬಾಡಿಗೆಯವು, ಕೆನ್ನೆ ಕೂಡ ಕೆಂಪಾಗಿಲ್ಲ, ಬಿಡಬೇಡಿ ಅಮ್ಮಾ, ಬಿಡಬೇಡಿ! ಯಾರು ಬಿಟ್ಟರು, ನಾನು ಬಿಟ್ಟೆನೆಂದು ನಿಮಗೆ ಯಾರು ಹೇಳಿದರು, ಹೋಗಿ, ಮೇಲೆ ಹೋಗಿ ಕೋಟೆಬಾಗಿಲ ಫೋಟೊ ತೆಗೀರಿ, ಕಲ್ಲು ಕೆಂಪಗಿದೆ, ಚೆನ್ನಾಗಿ ಬರುತ್ತದೆ. ಉಸಿರು. ಬೆವರು ಕಣ್ಣಿಗಿಳಿದು ಉರಿ, ಇಳಿಜಾರಿನುದ್ದಕ್ಕೂ ಜೆನೆ ಹೂವು, ಗುಡ್ಡಕ್ಕೆ ಜ್ವರ ಬಂದಂತೆ ಹಳದಿ, ಅದರ ವಾಸನೆ, ಜೇನು ಮತ್ತು ಹಸಿ ಬಟಾಣಿ ಸೇರಿದ ವಾಸನೆ, ಹಸಿವು — ಹೌದು, ಹಸಿವು, ಈಗ ಗೊತ್ತಾಗುತ್ತಿದೆ, ಪೆದ್ದಿ, ಪೆದ್ದಿ. ಮಧ್ಯಾಹ್ನ ಸೇತುವೆಯ ಊರಲ್ಲಿ ಆಲಿಗೋ ಬಡಿಸಿದರು, ಆಲೂಗಡ್ಡೆಗೆ ಚೀಸು ಕಲಸಿ ಸೌಟಿನಿಂದ ಹಗ್ಗದ ಹಾಗೆ ಎತ್ತುತ್ತಿದ್ದರು, ಜೊತೆಗೆ ಹುರಿದ ಸಾಸೇಜು, ನನ್ನ ತಟ್ಟೆಗೆ ಬಡಿಸುವ ಸರದಿ ಫಿರ್ಮಾಂನದು, ಅತ್ತಿಗೇ, ಹೊಟ್ಟೆ ತುಂಬ ತಿನ್ನಿ, ಗಾಡೀಲಿ ನಿಮಗೆ ಸೀಟು ಒರೆಸಿ ಇಟ್ಟಿದೀನಿ! ಉದ್ದ ಮೇಜಿನ ಆಚೆ ತುದಿಯವರೆಗೆ ನಗು. ಹಾಗಾದ್ರೆ ಆ ಸೀಟಿಗೇ ಬಡಿಸಪ್ಪ ಅಂದೆ, ತಟ್ಟೆ ತಳ್ಳಿದೆ, ಇನ್ನೂ ದೊಡ್ಡ ನಗು, ಅಲ್ಬಾಂ ಮಾತ್ರ ನಗಲಿಲ್ಲ, ನನ್ನ ತಟ್ಟೆಯನ್ನೇ ನೋಡಿದ, ಗುಡ್ಡದ ಬುಡದಲ್ಲಿ ಊಟ ಬಿಡುವವರು ಯಾರಾದರೂ ಇದ್ದಾರೆಯೇ, ಇದ್ದಾರೆ, ಮಾತಲ್ಲಿ ಗೆದ್ದು ಹೊಟ್ಟೆಯಲ್ಲಿ ಸೋತವರು. ಈಗ ಸುತ್ತಿಗೆಯವನು ಬರುತ್ತಾನೆ. ನಮ್ಮ ಕಡೆ ಹಾಗೇ ಹೇಳುವುದು, ತುಳಿಯುವವನ ಹೊಟ್ಟೆ ಖಾಲಿಯಾದಾಗ ತಿರುವಿನ ಹಿಂದೆ ಸುತ್ತಿಗೆ ಹಿಡಿದು ಒಬ್ಬ ನಿಂತಿರುತ್ತಾನೆ, ಕಾಣುವುದಿಲ್ಲ, ಹೊಡೆಯುತ್ತಾನೆ — ಹೊಡೆದ. ತೊಡೆ ನನ್ನದಲ್ಲ. ರಸ್ತೆಯ ಬಿಳಿ ಗೆರೆ ಎರಡಾಗಿದೆ, ಎಡಗಾಲು, ಬಲ, ಬಲ, ಬಲಗಾಲು ಎಲ್ಲಿ, ಸೈಕಲ್ಲು ಬೇಲಿಯ ಕಡೆಗೆ ವಾಲುತ್ತಿದೆ, ಇಳಿ, ಬೀಳುವ ಮೊದಲು ಇಳಿ. ಇಳಿದೆ. ಎರಡು ಕಾಲೂ ನೆಲದ ಮೇಲೆ. ಕನ್ನಡಿಯಲ್ಲಿ ವ್ಯಾನೂ ನಿಂತಿತು. ಪೊರಕೆ ಅಲುಗಿತು, ಹೂವು ಅಲುಗಿತು.

ಕಾಲೂರಿದರೆ ತಪ್ಪಿಲ್ಲ, ತಳ್ಳಿಕೊಂಡು ನಡೆದರೂ ತಪ್ಪಿಲ್ಲ, ವ್ಯಾನಿನ ಬಾಗಿಲಿಗೆ ಕೈ ತಾಗಿದರೆ ಮಾತ್ರ ಮುಗಿಯಿತು, ಅದೂ ಕಟ್ಟಳೆಯೇ, ಎಲ್ಲ ಗಂಡಸರಿಗೂ ಗೊತ್ತು, ಆದರೂ ಈ ಗುಡ್ಡದಲ್ಲಿ ತಳ್ಳಿಕೊಂಡು ನಡೆದ ಗಂಡಸನ್ನು ನಾನು ನೋಡಿಲ್ಲ, ನಡೆಯುವುದಕ್ಕಿಂತ ಹತ್ತುವುದು ಅವರಿಗೆ ಮರ್ಯಾದೆ, ಬಾಗಿಲು ಹಾಕಿಕೊಂಡರೆ ಮುಖ ಕಾಣುವುದಿಲ್ಲವಲ್ಲ. ನನ್ನ ಮುಖ ಕಾಣಲಿ. ನಡೆ. ಬೂಟಿನಡಿಯ ಕಬ್ಬಿಣ ಟಾರಿಗೆ ಟಕ್ ಟಕ್, ಮೇಕೆ ನಡೆದಂತೆ, ಯಾತ್ರಿಕರಿಬ್ಬರು ಬೆನ್ನಿಗೆ ಯಾತ್ರೆಯ ಗುರುತಿನ ಕಡಲಚಿಪ್ಪು ಕಟ್ಟಿಕೊಂಡು ಇಳಿದು ಬರುತ್ತಿದ್ದಾರೆ, ತಲೆ ಬಾಗಿಸಿದರು, ನನ್ನನ್ನೂ ಹರಕೆಯವಳು ಅಂದುಕೊಂಡರೋ. ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈ ಬೆನ್ನಿನ ಜೇಬಿಗೆ, ಕರವಸ್ತ್ರ, ಬೀಗದ ಕೈ, ಇನ್ನೇನೋ, ಮೆತ್ತಗೆ, ಕಾಗದದಲ್ಲಿ — ಫುವಾಸ್. ನಮ್ಮ ಬೇಕರಿಯ ಸಿಹಿ ರೊಟ್ಟಿ, ಕಿತ್ತಳೆ ಹೂವಿನ ಘಮ, ಅದರಲ್ಲೂ ತುದಿಯ ತುಂಡು, ಕಂದಿದ ತುದಿ, ನನಗಿಷ್ಟವಾದದ್ದು. ನಾನು ಇಟ್ಟುಕೊಂಡಿಲ್ಲ. ಅಂಗಿ ಬೆಳಿಗ್ಗೆ ಕುರ್ಚಿಯ ಮೇಲಿತ್ತು, ಕುರ್ಚಿಯ ಬಳಿ ಅವನಿದ್ದ. ಇಷ್ಟೂ ವರ್ಷ ಅವನೇ ಇಟ್ಟದ್ದು, ನಿನ್ನ ಜೇಬು ನೋಡ್ಕೋ ಎಂದೂ ಹೇಳಿದವನಲ್ಲ, ಇಟ್ಟ, ನಾನು ತಿಂದೆ, ಇಷ್ಟೇ ನಮ್ಮ ನಡುವಿನ ಮಾತು. ಬಾಯಿ ಕೊಕ್ಕೆ ಅನ್ನುತ್ತದೆ, ಕೈ ರೊಟ್ಟಿ ಇಡುತ್ತದೆ, ಯಾವುದನ್ನು ನಂಬಲಿ. ಕೈಯನ್ನು. ಅಗಿಯುತ್ತೇನೆ, ಬೆವರಿನ ಉಪ್ಪು ಸೇರಿ ಅಗಿಯುತ್ತೇನೆ, ಸಕ್ಕರೆಯ ಹರಳು ಹಲ್ಲಿಗೆ ಸಿಕ್ಕಿ ಕರಕರ, ಬಿಳಿ ಗೆರೆ ಮೆಲ್ಲಗೆ ಒಂದಾಗುತ್ತಿದೆ, ಮೇಲೆ, ಬಹಳ ಮೇಲೆ, ಕಲ್ಲುಹಲಗೆಯ ಮಾಡುಗಳು, ಕೋಟೆಬಾಗಿಲು, ಬಾಗಿಲಲ್ಲಿ ಜನ ಸಾಸಿವೆ ಕಾಳಿನಷ್ಟು.

ವ್ಯಾನು ಪಕ್ಕಕ್ಕೆ ಬಂತು. ಕನ್ನಡಿಯಲ್ಲಿ ಈಗ ಬರೀ ರಸ್ತೆ. ಫಿರ್ಮಾಂ ಕಿಟಕಿಯಿಂದ ತಲೆ ಹಾಕಿ, ಅತ್ತಿಗೇ, ಮೇಲೆ ವೈನೆಲ್ಲ ಖಾಲಿಯಾಗುತ್ತೆ, ನಿಮ್ಮಿಂದ ನಂಗೂ ಒಣಗಂಟಲು, ಹತ್ತಿ ತಾಯಿ, ಯಾರಿಗೂ ಹೇಳಲ್ಲ. ನೀನು ಹೇಳದೆ ಇರೋನಾ ಫಿರ್ಮಾಂ, ನಿನ್ನ ಹೆಂಡತಿ ಬಸುರಿ ಅಂತ ಅವಳಿಗಿಂತ ಮೊದಲು ಊರಿಗೆ ಹೇಳಿದೋನು ನೀನು. ಅವನು ನಗುತ್ತಾನೆ, ನಾನು ನಗುವುದಿಲ್ಲ, ಏಕೆಂದರೆ ಹಿಂದಿನ ಬಾಗಿಲು ಸರಿದು ತೆರೆದುಕೊಂಡಿದೆ, ಅಲ್ಬಾಂ ಮುಂದಿನಿಂದ ಹಿಂದಕ್ಕೆ ಬಂದು ಕೂತಿದ್ದಾನೆ, ಯಾವಾಗ ಬಂದನೋ, ಪಕ್ಕದ ಸೀಟಿನ ಮೇಲೆ ತನ್ನ ಕೋಟು ಮಡಿಸಿ ಹಾಸಿದ್ದಾನೆ, ನನ್ನ ಒದ್ದೆ ಬೆನ್ನಿಗೆಂದು. ತಿಂದ್ಯಾ ಅನ್ನುತ್ತಾನೆ. ತಿಂದೆ. ಸಾಕಾಗಲಿಲ್ಲ ಅಲ್ವಾ. ಸಾಕಾಯ್ತು. ಕಾಲು ನಡುಗ್ತಿದೆ ನೋಡು ನಿಂದು. ನನ್ನ ಕಾಲು, ನಡುಗಲಿ. ಹಟ ಮಾಡಬೇಡ್ವೇ, ಬಾ, ಹತ್ತು. ಫಿರ್ಮಾಂ ಈಗ ಸ್ಟೀರಿಂಗ್ ಹಿಡಿದು ಎದುರಿನ ಬೇಲಿ ನೋಡುತ್ತಿದ್ದಾನೆ. ಅಲ್ಬಾಂ ದನಿ ತಗ್ಗಿಸುತ್ತಾನೆ, ಭಾನುವಾರ ಒಬ್ಬನೇ ಕೂತು ಕೂತು ಸಾಕಾಗಿದೆ ಕಣೇ, ನೀನು ಹೋದ ಮೇಲೆ ಗಡಿಯಾರದ ಸದ್ದೊಂದೇ, ಒಟ್ಟಿಗೆ ಕೂತ್ಕೊಳ್ಳೋಣ, ಅಷ್ಟೇ ನಾನು ಕೇಳ್ತಿರೋದು. ಅಷ್ಟೇ. ಅಯ್ಯೋ, ಅಷ್ಟೇ ಅಂದರೆ ಎಷ್ಟು, ಒಂದು ಸೀಟು, ಒಂದು ಕೊಕ್ಕೆ, ಎರಡು ಕುರ್ಚಿ, ಬಾರೇ ನೋಡು ಇವನಿಗೆ ಗೇರು ಹಾಕೋದು ಗೊತ್ತಿಲ್ಲ, ಮತ್ತೆ ಮುಂದಿನ ಮೇ ತಿಂಗಳಲ್ಲಿ ಬೇಲಿಯಾಚೆ ಹೋಗಿ ಪೊದೆ ಕತ್ತರಿಸುವ ಸರದಿ ನನ್ನದು. ಇಳಿ ಅಲ್ಬಾಂ ಅನ್ನುತ್ತೇನೆ, ನೀನೇ ಇಳಿ, ಈ ಕಡೆ ಹ್ಯಾಂಡಲ್ ನಾನು ಹಿಡೀತೀನಿ ಆ ಕಡೆ ನೀನು, ತಳ್ಕೊಂಡು ಹೋಗೋಣ, ಕೋಟೆಬಾಗಿಲಲ್ಲಿ ನಗೋರು ನಗಲಿ. ಅವನು ತನ್ನ ಮೊಣಕಾಲು ನೋಡುತ್ತಾನೆ, ಕೈ ಅದರ ಮೇಲಿಡುತ್ತಾನೆ, ಮಲಗಿದ ಬೆಕ್ಕಿನ ಮೇಲೆ ಇಟ್ಟಂತೆ, ಎಬ್ಬಿಸಬೇಡ ಎಂಬಂತೆ. ನನ್ ಕೈಲಾಗಲ್ಲ. ಅದೇ ಕೈ ಮೇಲೇಳುತ್ತದೆ, ಬಾಗಿಲಿನಿಂದ ಹೊರಗೆ ಬರುತ್ತದೆ, ನನ್ನ ಕಡೆಗೆ, ಬೆರಳ ಸಂದಿಯಲ್ಲಿ ಜೆನೆಯ ಹಸಿರು ಕಲೆ ಇನ್ನೂ ಹೋಗಿಲ್ಲ, ಹಿಡಿದರೆ ಬೆಚ್ಚಗಿರುತ್ತದೆ, ನನಗೆ ಗೊತ್ತು, ಎಷ್ಟು ಬೆಚ್ಚಗೆಂದು ನನ್ನಷ್ಟು ಯಾರಿಗೂ ಗೊತ್ತಿಲ್ಲ, ಹತ್ತೇ ಸೋಲಾಂಜ್ — ಆ ಕೈಯ ಮೇಲೆ, ವ್ಯಾನಿನ ನೆತ್ತಿಯ ಮೇಲೆ, ಪೊರಕೆ, ಬಿಸಿಲಿಗೆ ಬಾಡಬೇಕಿತ್ತು, ಬಾಡಿಲ್ಲ, ಕತ್ತರಿಸಿದ್ದಾರೆಂದು ಅದಕ್ಕಿನ್ನೂ ಗೊತ್ತಿಲ್ಲ, ಒಂದು ದುಂಬಿ ಕೂಡ ಬಂದು ಕೂತಿದೆ, ಹಳದಿ ಹೂವು, ಪೊರಕೆಯಲ್ಲಿ, ಹಳದಿ ಹೂವು, ಪೊರಕೆಯಲ್ಲಿ —

ಇಲ್ಲ, ಅಲ್ಬಾಂ. ಹತ್ತೋದಿಲ್ಲ.