ಸುಂಕದ ಕಚೇರಿಯ ಮೇಕೆ

ಒಂದೇ ದಿನದಲ್ಲಿ ನಮ್ಮ ದೇಶದ ಹಣ ಕ್ವಾಚಾದ ಬೆಲೆ ಡಾಲರಿನೆದುರು ಕುಸಿದು ನಾಡೆಲ್ಲ ಗೋಳಾಡುತ್ತಿದ್ದಾಗ ನಮ್ಮ ಕಚೇರಿಯಲ್ಲಿ ಹಬ್ಬ. ಮೊಜಾಂಬಿಕ್ ಕಡೆಯಿಂದ ಬರುವ ಲಾರಿಗಳಿಗೆ ಸುಂಕ ಹಾಕುವವರು ನಾವು. ಸರಕಿನ ಬೆಲೆ ಡಾಲರಿನಲ್ಲಿ, ಸುಂಕ ಕ್ವಾಚಾದಲ್ಲಿ. ಅದೇ ಟೈರಿಗೆ ನಿನ್ನೆಗಿಂತ ಇವತ್ತು ಅರ್ಧದಷ್ಟು ಹೆಚ್ಚು ಸುಂಕ. ಯಾರೂ ಬೆವರು ಸುರಿಸದೆ ಕೆಲವೇ ವಾರಗಳಲ್ಲಿ ವರ್ಷದ ವಸೂಲಿಯ ಗುರಿ ದಾಟಿತು. ಮೇಲಧಿಕಾರಿ ಕಲುವಾ ಅದೆಲ್ಲ ತನ್ನದೇ ಪ್ರತಾಪವೆಂಬಂತೆ ಮೀಸೆ ತಿರುವುತ್ತ, ಔತಣಕ್ಕೆಂದು ಒಂದು ಮೇಕೆ ತರಿಸಿ ಹಿತ್ತಲಿನ ಮಾವಿನ ಮರಕ್ಕೆ ಕಟ್ಟಿಸಿದ.

"ನಗಾಮಾ ಮೇಡಂ, ನಿಮ್ಮ ಕೌಂಟರಿಂದೇ ದೊಡ್ಡ ವಸೂಲಿ. ತೊಡೆ ನಿಮ್ಮ ತಟ್ಟೆಗೇ!"

"ತೊಡೆ ನೀವೇ ತಿನ್ನಿ ಸಾರ್. ನಂಗೆ ಗುರುವಾರ ರಜೆ ಕೊಡಿ ಸಾಕು," ಎಂದಳು ನಗಾಮಾ.

ರಜೆ ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಗಂಡ ಜೋಸಾಮನ ಮೂತ್ರಪಿಂಡಗಳು ಕೆಟ್ಟಿದ್ದವು. ಪಟ್ಟಣದ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ಸೇ ಅವನ ಉಸಿರು. ಅವನಿಗೆ ಆಸರೆಯಿಲ್ಲದೆ ನಡೆಯಲಾಗುತ್ತಿರಲಿಲ್ಲ, ಆ ಗುರುವಾರ ಹೆಗಲು ಕೊಡಲು ನಾನೂ ಹೋದೆ.

ನರ್ಸ್ ಬಾಗಿಲಲ್ಲೇ ತಡೆದಳು. "ರಕ್ತ ಸೋಸೋ ಫಿಲ್ಟರ್ ಖಾಲಿ ಅಮ್ಮ. ಮುಂದಿನ ವಾರ ನೋಡೋಣ."

"ಸರ್ಕಾರದ ಹತ್ರ ದುಡ್ಡು ಬೇಕಾದಷ್ಟಿದೆ ಸಿಸ್ಟರ್. ನಾನೇ ವಸೂಲು ಮಾಡಿದೀನಿ!"

"ಅದು ಕ್ವಾಚಾ ಅಮ್ಮ. ಫಿಲ್ಟರ್ ಮಾರೋರು ಡಾಲರ್ ಕೇಳ್ತಾರೆ. ಆಸ್ಪತ್ರೆಗೆ ಕೊಟ್ಟಿರೋ ದುಡ್ಡಿಗೆ ಈಗ ಮೊದಲಿನಷ್ಟು ಬರಲ್ಲ."

ಜೋಸಾಮ್ ನಕ್ಕ. "ನನ್ನ ರಕ್ತಕ್ಕೂ ಸುಂಕ ಹಾಕ್ಬಿಟ್ಯಲ್ಲೇ, ಮಾರಾಯ್ತಿ."

ನಗಾಮಾ ನಗಲಿಲ್ಲ. ಮಿನಿಬಸ್ಸಿನಲ್ಲಿ ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ನನಗೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ಅವಳು ಮತ್ತೆ ಕೆಲಸಕ್ಕೆ ಬರಲಿ ಎಂದು ಕಲುವಾ ಔತಣವನ್ನು ಮುಂದೂಡಿದ. ಭಾನುವಾರ ಜೋಸಾಮ್ ತೀರಿಕೊಂಡ.

ನಮ್ಮಲ್ಲಿ ಸಾವಿನ ಮನೆಯವರು ಬಂದವರಿಗೆಲ್ಲ ಉಣ್ಣಿಸಬೇಕು, ಹೋಗುವವರೂ ಬರಿಗೈಯಲ್ಲಿ ಹೋಗುವಂತಿಲ್ಲ. ಕಚೇರಿಯವರೆಲ್ಲ ಲಾರಿ ಹತ್ತುವಾಗ ಕಲುವಾ ಮೇಕೆಯನ್ನೂ ಬಿಚ್ಚಿ ಹತ್ತಿಸಿದ. ನನಗೆ ನಾಚಿಕೆಯಾಯಿತು. ಆದರೆ ಎಲ್ಲ ತುಟ್ಟಿಯಾದ ಆ ದಿನಗಳಲ್ಲಿ ಯಾರ ಬಳಿ ಬೇರೇನಿತ್ತು?

ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತಿದ್ದ ನಗಾಮಾ ತಲೆಯೆತ್ತಿದಳು.

"ಇದು ಆ ಮೇಕೆ ಅಲ್ವಾ ಸಾರ್?"

ಕಲುವಾ ಟೋಪಿ ತೆಗೆದ. "ಹೌದಮ್ಮ. ತಪ್ಪು ತಿಳ್ಕೋಬೇಡಿ."

ಅವಳು ಅಂಗಳದ ಒಲೆಗಳತ್ತ ಕೈ ತೋರಿಸಿದಳು.

"ಅಡುಗೆಯೋರಿಗೆ ಕೊಡಿ. ದೂರದಿಂದ ಬಂದೋರು ಹಸ್ಕೊಂಡಿದ್ದಾರೆ. ತೊಡೆ ಮಾತ್ರ ನನ್ನ ತಟ್ಟೆಗೆ ಹಾಕ್ಬೇಡಿ."